ಅವ್ವನ ಲಿವರ್ ಮತ್ತು ನೋಡಲು ಬಂದವರು

ಅವ್ವನಿಗೆ ಕಾಮಾಲೆಯಾದಾಗ ರಾಮನಗರದ ಡಾಕ್ಟರು ಮಾತ್ರೆಗಿಂತ ಮಾತನ್ನೇ ಹೆಚ್ಚು ಕೊಟ್ಟರು. "ಲಿವರ್‌ಗೆ ಪೆಟ್ಟಾಗಿದೆ, ವಾಸಿಯಾಗುತ್ತೆ. ಆದರೆ ಹೆದರಿಸಬೇಡಿ. ಭಯವಾದರೆ ಮಿದುಳಿನಿಂದ ಅಪ್ಪಣೆ ಹೋಗಿ ಒತ್ತಡದ ಹಾರ್ಮೋನು ರಕ್ತಕ್ಕೆ ಇಳಿಯುತ್ತೆ. ದಿನಾ ಹಾಗಾದರೆ ನೊಂದ ಲಿವರ್ ಇನ್ನೂ ಸೊರಗಬಹುದು." ಮಾತಿಗೊಮ್ಮೆ ಕನ್ನಡಕ ಮೇಲಕ್ಕೆ ತಳ್ಳುತ್ತಿದ್ದರು. ಬಸ್ಸು ಮಾಗಡಿ ಮುಟ್ಟುವಷ್ಟರಲ್ಲಿ ನಾನು ಅವರನ್ನು ಪೂರ್ತಿ ಕಲಿತಿದ್ದೆ. ಮಿಮಿಕ್ರಿಯೊಂದೇ ನನಗೆ ಬರುವ ಕಸುಬು, ಅದಕ್ಕೂ ಗಿರಾಕಿಗಳಿಲ್ಲ.

ಮನೆಯಲ್ಲಿ ನೆಂಟರ ಸಾಲು. ಕಾಯಿಲೆಯವರನ್ನು ನೋಡಲು ಬರಿಗೈಲಿ ಬರಬಾರದೆಂದು ಎಳನೀರು, ಬ್ರೆಡ್ಡು ತರುತ್ತಾರೆ, ಜೊತೆಗೆ ಮಾತಿನಲ್ಲೊಂದು ಹೆಣವನ್ನೂ. ಬಿಡದಿಯ ಸೋದರತ್ತೆ ಅವ್ವನ ರೆಪ್ಪೆ ಎಳೆದು ನೋಡಿ, "ಅರಿಸಿನ ಬಳದಂಗೈತಲ್ಲ ಅತ್ತಿಗೆ. ನಮ್ಮ ಬೀದೀಲಿ ಒಬ್ಬಳಿಗೆ ಇಂಗೇ ಆಗಿ, ಎರಡೇ ವಾರ, ಅಷ್ಟೇ," ಎಂದು, ತಾವು ತಂದ ಬ್ರೆಡ್ಡನ್ನು ತಾವೇ ಕಾಫಿಗೆ ಅದ್ದಿ ತಿಂದರು. ಅವರು ಹೋದ ಮೇಲೆ ಅವ್ವ ಕನ್ನಡಿ ಕೇಳಿದಳು. ಅನ್ನ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅವ್ವನ ಲಿವರ್ ಇವರ ಬಾಯಿಚಪಲಕ್ಕೆ ಹಾಕಿದ ಮೇವೇ?

ಮಾರನೆಯ ದಿನ ಮರಳವಾಡಿಯ ದೊಡ್ಡಪ್ಪ ಬಂದರು. ಹಿಂದಿನ ವಾರವೂ ಬಂದು ಒಬ್ಬನನ್ನು ಸಾಯಿಸಿ ಹೋಗಿದ್ದರು. ನಾನು ಹೊಸಿಲಲ್ಲೇ ಅಡ್ಡ ನಿಂತು, ಟವೆಲ್ಲು ಹೆಗಲಿಗೆ ಹಾಕಿ, ಅವರದೇ ದನಿಯಲ್ಲಿ ಶುರು ಮಾಡಿದೆ: "ಏನವ್ವಾ ಇಂಗಾಗೋದೆ. ನಮ್ಮೂರಲ್ಲೂ ಒಬ್ಬ ಇದ್ದ, ಆನೆ ಇದ್ದಂಗಿದ್ದ. ಕಾಮಾಲೆ ಬಂದಿದ್ದೇ ತಡ..." ಅವರ ಮಾತಿನ ಕೊನೆಗೆ ಬರುವ ಕೆಮ್ಮನ್ನೂ ಬಿಡಲಿಲ್ಲ.

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ಏನ್ಲಾ, ನನ್ನೇ ಅಣಕಿಸ್ತೀಯಾ?"

"ನೀವು ಹೇಳೋದ್ನ ನಾನೇ ಹೇಳಿ ಮುಗಿಸ್ದೆ ದೊಡ್ಡಪ್ಪ. ಸತ್ತೋರ್ನ ಬುಟ್ಟು ಬೇರೆ ಏನಾರ ಇದ್ರೆ ಒಳಕ್ಕೆ ಬನ್ನಿ. ಭಯಕ್ಕೆ ಲಿವರ್ ಇನ್ನೂ ಕೆಡ್ತದೆ ಅಂದವ್ರೆ ಡಾಕ್ಟ್ರು."

ಒಳಗಿನಿಂದ ಅವ್ವ ಕೂಗಿದಳು: "ಬನ್ನಿ ಭಾವ, ಅವನಿಗೆ ಒಸಿ ಹುಚ್ಚು. ರೇಷ್ಮೆ ಹುಳ ಹೆಂಗವೆ?"

"ಹಣ್ಣಾಗ್ತಾ ಅವೆ ಕಣವ್ವ. ನಾಳೆ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬುಡಬೇಕು," ಎನ್ನುತ್ತ ದೊಡ್ಡಪ್ಪ ಗೋಡೆಗೊರಗಿ ಕೂತರು. ರೇಷ್ಮೆ ಹುಳ, ಹಿಪ್ಪುನೇರಳೆ ಸೊಪ್ಪು, ಸೊಪ್ಪಿಗೆ ಬಾಯಿ ಹಾಕಿದ ಪಕ್ಕದ ಮನೆಯ ಮೇಕೆ, ಮೇಕೆಯ ಹಿಂದೆ ಓಡಿ ಬಿದ್ದ ಅದರ ಯಜಮಾನ. ಕತೆಯಲ್ಲಿ ಅವನು ಎದ್ದು ನಿಲ್ಲುವ ಮೊದಲೇ ಅವ್ವನಿಗೆ ನಿದ್ದೆ ಹತ್ತಿತ್ತು. ಕನ್ನಡಿ ಕೇಳಿರಲಿಲ್ಲ.

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ, ಏರಿತು. ಊರಲ್ಲಿ ಇಂಥ ಮೇಕೆ ಇರುವಾಗ ದೊಡ್ಡಪ್ಪ ಹೋದ ವಾರ ಹೆಣ ಯಾಕೆ ಹೊತ್ತು ತಂದರು?