ಕೊಯ್ದ ಮೀನಿಗೆ ತೂಕವಿಲ್ಲ

ನನ್ನ ಗಂಡನಿಗೆ ಮೀನು ಹಿಡಿಯಲು ಬರುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ನಾರ್ತ್‌ವಿಲ್‌ನ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜನ ಬಾಯಿಂದ. ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದ ಅಜ್ಜ ಸಲಿಕೆ ಊರಿ ನಿಂತು, "ನಿನ್ನ ಗಂಡ ಮೀನುಗಾರರ ವಂಶದವನಂತೆ! ನೀನು ಹೇಳಲೇ ಇಲ್ಲವಲ್ಲ" ಎಂದರು. ನನಗೂ ಯಾರೂ ಹೇಳಿರಲಿಲ್ಲ.

ನಮ್ಮವರ ಊರು ತುಮಕೂರು. ಅಲ್ಲಿ ಸಮುದ್ರ ಯಾವ ಬೀದಿಯಲ್ಲಿದೆ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಸಮುದ್ರ ಇರುವುದು ನನ್ನ ತವರು ಭಟ್ಕಳದಲ್ಲಿ. ಮದುವೆಯಾದ ಹೊಸದರಲ್ಲಿ ಮುಳ್ಳು ಬಿಡಿಸಲು ಬಾರದೆ, ನಮ್ಮಮ್ಮನ ಎದುರು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದ ಅಳಿಯ ಇವರು. ಹೆಂಡತಿಯ ಜೊತೆ ಕಡಲೂ ತಮ್ಮ ಹೆಸರಿಗೆ ಬಂತು ಎಂದುಕೊಂಡರೋ ಏನೋ.

ನನ್ನ ಮನೆಮಾತು ನವಾಯತಿ, ಅವರದು ಉರ್ದು. ಹಾಗಾಗಿ ನಮ್ಮ ಜಗಳವೆಲ್ಲ ಕನ್ನಡದಲ್ಲೇ. "ಎಂತ ಮಾರಾಯ್ರೆ, ನೀವು ಗಾಳ ಹಾಕಿದ್ದು ಯಾವಾಗ?" ಎಂದು ಕೇಳಿದೆ.

"ಸುಮ್ನಿರೇ. ಏನೋ ಮಾತಿಗೆ ಮಾತು ಬಂತು, ಹೇಳ್ದೆ. ಟೀಮಿಗೆ ಸೇರ್ಕೋ ಅಂದ್ರು, ಹ್ಞೂಂ ಅಂದೆ. ಮೂರು ಜನ ಬೇಕಂತೆ, ನಿನ್ನ ಹೆಸರೂ ಕೊಟ್ಟಿದೀನಿ."

ಸಂಗತಿ ಏನೆಂದರೆ, ಪ್ರತಿ ಫೆಬ್ರವರಿಯಲ್ಲಿ ಹತ್ತಿರದ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಮೀನು ಹಿಡಿಯುವ ಸ್ಪರ್ಧೆ ನಡೆಯುತ್ತಿತ್ತು. ಬೆಳಗಿನಿಂದ ಎರಡು ಗಂಟೆಯವರೆಗೆ ಯಾವ ಟೀಮಿನ ಮೀನು ಒಟ್ಟು ಹೆಚ್ಚು ತೂಗುತ್ತದೋ ಅವರು ಗೆದ್ದಂತೆ. ಬಹುಮಾನ ಎಂದರೆ, ದಡದ ಗಾಳದಂಗಡಿಯ ಗೋಡೆಯಲ್ಲಿರುವ ಮರದ ಹಲಗೆಯ ಮೇಲೆ ಹೆಸರು ಕೆತ್ತಿಸುವುದು. ಇಷ್ಟೇ. ಇದಕ್ಕಾಗಿ ಬುದ್ಧಿಯಿದ್ದವರು ಮೈನಡುಗಿಸುವ ಚಳಿಯಲ್ಲಿ ಕೂರುತ್ತಾರೆ.

ಆ ಹಲಗೆಯ ಮೇಲೆ ಅಜ್ಜನ ಅಣ್ಣನ ಹೆಸರು ಐದು ಕಡೆ ಇತ್ತು. ಅಜ್ಜನದು ಒಂದೂ ಇರಲಿಲ್ಲ. ಪ್ರತಿ ಕ್ರಿಸ್‌ಮಸ್ ಊಟಕ್ಕೆ ಕೂತಾಗ ಅಣ್ಣನಾದವನು ಐದು ಬೆರಳು ಎತ್ತಿ ತೋರಿಸಿಯೇ ಕೈಗೆ ಚಮಚ ತೆಗೆದುಕೊಳ್ಳುತ್ತಿದ್ದನಂತೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಗೆ ವೀಸಾ ಬೇಕಿಲ್ಲ, ಮಿಶಿಗನ್‌ಗೂ ಬಂದಿದೆ. ಅಜ್ಜನ ಮಂಡಿ ಎರಡೂ ಕೆಟ್ಟಿದ್ದವು, ಮನೆ ಮಾರಾಟವಾಗಿತ್ತು, ಏಪ್ರಿಲ್‌ಗೆ ಫ್ಲಾರಿಡಾಕ್ಕೆ ಹೊರಟಿದ್ದರು. "ಹೋಗುವ ಮುಂಚೆ ಒಂದೇ ಒಂದು ಸಲ ಅವನನ್ನು ಸೋಲಿಸಬೇಕು" ಎಂದು ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಹೇಳಿದರು. ಹಳೆಯ ಜೊತೆಗಾರರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರ ಮೈಗೆ ಚಳಿ ಆಗಿಬರುತ್ತಿರಲಿಲ್ಲ. ನಮ್ಮ ಇಡೀ ಬಡಾವಣೆ ಸೋಸಿ ಅವರು ಆರಿಸಿಕೊಂಡದ್ದು ತುಮಕೂರಿನ ಮೀನುಗಾರನನ್ನು.

ಅವತ್ತು ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ. ಇದ್ದಬದ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು ನಾನು ಬಗ್ಗಲೂ ಆಗದ ಸ್ಥಿತಿಯಲ್ಲಿದ್ದೆ. ಕೆರೆಯ ಮೇಲೆ ಜನ ಟ್ರಕ್ಕು ಓಡಿಸುತ್ತಿದ್ದರು. ನಾನು ಬಾಯಿಗೆ ಬಂದ ದುವಾಗಳನ್ನೆಲ್ಲ ಓದುತ್ತಾ ಹೆಜ್ಜೆ ಇಟ್ಟೆ. ಅಜ್ಜ ಎದೆಮಟ್ಟದ ಬೈರಿಗೆ ತಿರುಗಿಸಿ ಮಂಜುಗಡ್ಡೆಯಲ್ಲಿ ಬಿಂದಿಗೆಯ ಬಾಯಿಯಷ್ಟು ತೂತು ಕೊರೆದರು, ಮೊಳದುದ್ದದ ಗಾಳದ ಕೋಲು ಕೊಟ್ಟರು, ಡಬ್ಬಿಯಿಂದ ಒದ್ದಾಡುವ ಬಿಳಿ ಹುಳ ತೆಗೆದು ನಮ್ಮವರ ಕಡೆ ಚಾಚಿದರು. ಮೀನುಗಾರರ ವಂಶೋದ್ಧಾರಕರು ಎರಡು ಹೆಜ್ಜೆ ಹಿಂದೆ ಸರಿದು, "ನೀನೇ ಸಿಗಿಸೇ, ನನ್ ಕೈ ಮರಗಟ್ಟಿದೆ" ಎಂದರು. ಅಜ್ಜ ನಮ್ಮಿಬ್ಬರನ್ನೂ ನೋಡಿದರು. ಅವರ ಮುಖ ಇಳಿದುಹೋಯಿತು.

ಹತ್ತು ಗಂಟೆಯವರೆಗೆ ನಾಲ್ಕೇ ಮೀನು. ಆಮೇಲೆ ಅಜ್ಜ ಕುಂಟುತ್ತಾ ನೂರು ಹೆಜ್ಜೆ ಆಚೆ ಹೋಗಿ ಹೊಸ ತೂತು ಕೊರೆದದ್ದೇ ಕೊರೆದದ್ದು, ಮೀನಿನ ಹಿಂಡೇ ಸಿಕ್ಕಿತು. ಕಪ್ಪು ಪಟ್ಟೆಯ ಹಳದಿ ಮೀನು, ಒಂದೊಂದೂ ಗೇಣುದ್ದ. ನಮ್ಮವರೂ ಏಳು ಹಿಡಿದರು. ಪ್ರತಿ ಸಲವೂ ತಿಮಿಂಗಿಲ ಬಿದ್ದ ಹಾಗೆ ಕೂಗಿದರು. ಅಜ್ಜ ದುರ್ಬೀನಿನಲ್ಲಿ ಅಣ್ಣನ ಕಡೆ ನೋಡಿ, "ಅವನ ಬಕೆಟ್ಟು ಅರ್ಧವೂ ತುಂಬಿಲ್ಲ!" ಎಂದು ಚಿಕ್ಕ ಮಕ್ಕಳಂತೆ ನಕ್ಕರು. ನನಗೂ ಹುರುಪು ಬಂತು. ಆ ಅಣ್ಣನನ್ನು ನಾನು ಕಂಡೇ ಇರಲಿಲ್ಲ, ಆದರೂ ಅವನು ಸೋಲಲಿ ಎಂದು ಮನಸಾರೆ ಬೇಡಿಕೊಂಡೆ.

ಹನ್ನೆರಡರ ಹೊತ್ತಿಗೆ ನನ್ನ ಬೆರಳು ಸೋತವು. ಬೆಳಿಗ್ಗೆ ಹಳೆಯ ಜಾಗದಲ್ಲಿ ಹಾಕಿದ್ದ ಪುಟ್ಟ ಡೇರೆಯೊಳಗೆ ಹೀಟರ್ ಪಕ್ಕ ಕೂತಿರು ಎಂದು ಅಜ್ಜ ಕಳಿಸಿದರು. ಮೀನು ಸಿಕ್ಕಾಗೆಲ್ಲ ನಮ್ಮವರು ತಂದು ನನ್ನ ಮುಂದಿನ ಬಕೆಟ್ಟಿಗೆ ಸುರಿದು, ತಿರುಗಿಯೂ ನೋಡದೆ ಓಡಿಹೋಗುತ್ತಿದ್ದರು.

ಈಗ ನೀವೇ ಹೇಳಿ. ಭಟ್ಕಳದ ಹೆಣ್ಣಿನ ಮುಂದೆ ಒಂದು ಬಕೆಟ್ಟು ಮೀನು, ಪಕ್ಕದ ಪೆಟ್ಟಿಗೆಯಲ್ಲಿ ಹರಿತವಾದ ಚೂರಿ, ಎರಡು ಗಂಟೆ ಬಿಡುವು. ಹೊಟ್ಟೆಯೊಳಗಿನದು ಹೊಟ್ಟೆಯಲ್ಲೇ ಇರುವ ಮೀನನ್ನು ನೋಡುತ್ತಾ ಕೈಕಟ್ಟಿ ಕೂತರೆ ನಮ್ಮಮ್ಮ ನನ್ನನ್ನು ಮನೆಗೆ ಸೇರಿಸುತ್ತಾರೆಯೇ? ಅದೂ ಆ ಚಳಿಯಲ್ಲಿ ಮೀನು ಕಲ್ಲಾದರೆ ಹುರುಪೆ ಬಿಡುವುದಿಲ್ಲ. ಕೂತೆ, ಕೊಯ್ದೆ. ಹುರುಪೆ ಹೆರೆದು, ಕಿವಿರು ಕಿತ್ತು, ತಲೆ ತೆಗೆದು, ಹೊಟ್ಟೆ ಸೀಳಿ, ಹತ್ತಿರದ ತೂತಿನ ನೀರಲ್ಲಿ ತೊಳೆದು, ಸಾಲಾಗಿ ಜೋಡಿಸಿ ಮುಚ್ಚಳ ಹಾಕಿದೆ. ತಲೆ, ಕರುಳು ಎಲ್ಲ ಹಕ್ಕಿಗಳ ಪಾಲಾಯಿತು. ಒಟ್ಟು ಮೂವತ್ತೊಂದು. ಅಜ್ಜನ ಕೆಲಸ ಹಗುರ ಮಾಡಿದೆ ಎಂಬ ಹೆಮ್ಮೆ ಬೇರೆ.

ಎರಡು ಗಂಟೆಗೆ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಅಣ್ಣನ ಮೀನು ತೂಗಿ ಆಗಿತ್ತು. ಅವನದೇ ಎಲ್ಲರಿಗಿಂತ ಹೆಚ್ಚು. ಅಜ್ಜ ಎದೆಯುಬ್ಬಿಸಿ ನಮ್ಮ ಬಕೆಟ್ಟಿನ ಮುಚ್ಚಳ ತೆಗೆದರು. ಅಂಗಡಿಯವನು ಬಗ್ಗಿ ನೋಡಿದ. ಅಜ್ಜನೂ ಬಗ್ಗಿ ನೋಡಿದರು.

"ಮೀನು ಇಡಿಯಾಗಿರಬೇಕು ಅಂತ ರೂಲ್ಸಿನಲ್ಲಿ ಇದೆಯಲ್ಲ" ಎಂದ ಅಂಗಡಿಯವನು.

ನಾನು ನಮ್ಮವರ ಮುಖ ನೋಡಿದೆ. ರೂಲ್ಸಿನ ಹಾಳೆಗೆ ಮೂವರ ಪರವಾಗಿ ಸೈನ್ ಹಾಕಿದ ಮಹಾನುಭಾವರು, "ಎರಡನೇ ಪುಟ ಓದಿರ್ಲಿಲ್ಲ ಕಣೇ" ಎಂದು ಪಿಸುಗುಟ್ಟಿದರು. ಮೊದಲನೆಯದನ್ನೂ ಓದಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅಂಗಡಿಯವನಿಗೆ ಕುತೂಹಲ ತಡೆಯಲಾಗಲಿಲ್ಲ, ತಕ್ಕಡಿಗೆ ಹಾಕಿಯೇ ಬಿಟ್ಟ. ತಲೆಯಿಲ್ಲದೆ, ಹೊಟ್ಟೆಯಿಲ್ಲದೆ, ನಮ್ಮ ಮೀನು ಅಣ್ಣನ ಇಡೀ ಮೀನಿಗಿಂತ ಎರಡು ಔನ್ಸ್ ಹೆಚ್ಚು ತೂಗಿತು! ಯಾರೋ ಸಿಳ್ಳೆ ಹೊಡೆದರು. "ಎರಡನೇ ಸ್ಥಾನದವರ ಅಭ್ಯಂತರ ಇಲ್ಲದಿದ್ದರೆ ನಾನು ಇದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ" ಎಂದ ಅಂಗಡಿಯವನು, ಅಣ್ಣನ ಕಡೆ ತಿರುಗಿ. ನನ್ನ ಹೋದ ಜೀವ ಬಂದಂತಾಯಿತು.

ಅಣ್ಣ ನಿಧಾನವಾಗಿ ಎದ್ದು ಬಂದು ತಮ್ಮನ ಭುಜ ತಟ್ಟಿದ. "ಪಾಪ, ಕೊಟ್ಟುಬಿಡಿ ಅವನಿಗೆ. ಫ್ಲಾರಿಡಾಕ್ಕೆ ಹೋಗುತ್ತಿದ್ದಾನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ಆ ಕೈಯನ್ನು ಭುಜದ ಮೇಲಿಂದ ಎತ್ತಿ ಕೆಳಗಿಟ್ಟರು. "ಅವನ ಹೆಸರೇ ಬರೆಯಿರಿ" ಎಂದು ಹೇಳಿ ಬಾಗಿಲ ಕಡೆ ನಡೆದರು.

ಕಾರಿನಲ್ಲಿ ನಮ್ಮವರು, "ಅಲ್ಲಾ, ಅವ್ರಣ್ಣ ಕೊಟ್ಟೇಬಿಟ್ಟಿದ್ರಲ್ಲ, ತಗೊಳ್ಳೋಕೇನು?" ಎಂದು ಮೆಲ್ಲಗೆ ಗೊಣಗಿದರು. ಮುಂದಿನ ಸೀಟಿನಲ್ಲಿದ್ದ ಅಜ್ಜನಿಗೆ ಕನ್ನಡ ಬಾರದಿದ್ದದ್ದು ಪುಣ್ಯ. ನಾನು ಹಿಂದಿನಿಂದ ನಾಲ್ಕು ಸಲ ಸಾರಿ ಹೇಳಿದೆ. ಅಜ್ಜ ನಾಲ್ಕು ಸಲವೂ "ಪರವಾಗಿಲ್ಲ" ಎಂದರು. ನಮ್ಮೂರಾಗಿದ್ದರೆ ಕೂಗಾಡಿ, ನನ್ನ ಏಳು ತಲೆಮಾರು ಜಾಲಾಡಿ, ಅಲ್ಲಿಗೆ ಮುಗಿಸುತ್ತಿದ್ದರು. ಈ ಪರವಾಗಿಲ್ಲ ಎಂಬುದನ್ನು ತೆಗೆದುಕೊಂಡು ಏನು ಮಾಡುವುದು? ದಾರಿಯುದ್ದಕ್ಕೂ ನನಗೆ ಅಳು ಉಕ್ಕಿ ಬರುತ್ತಿತ್ತು.

ಮರುದಿನ ಮಧ್ಯಾಹ್ನ ಆ ಮೀನಿಗೆ ಊರಿಂದ ತಂದಿದ್ದ ಮೆಣಸಿನ ಮಸಾಲೆ ಸವರಿ, ಗರಿಗರಿಯಾಗಿ ಕಾಯಿಸಿ, ಒಂದು ತಟ್ಟೆ ತುಂಬಾ ಇಟ್ಟುಕೊಂಡು ಅಜ್ಜನ ಬಾಗಿಲು ತಟ್ಟಿದೆ. ಅವರು ಬಾಗಿಲು ತೆರೆದರು. ಹಿಂದೆ ಗೋಡೆಯುದ್ದಕ್ಕೂ ಕಟ್ಟಿಟ್ಟ ಡಬ್ಬಗಳಿದ್ದವು.

"ಘಮಘಮ ಅನ್ನುತ್ತಿದೆ" ಎಂದರು. ಕೈ ಮಾತ್ರ ಚಾಚಲಿಲ್ಲ. "ಅಣ್ಣನಿಗೆ ಕೊಟ್ಟು ಬಾ. ಎಲ್ಲಾ ಅವನಿಗೇ ಹೋಗುವುದಲ್ಲವೇ, ಇದೂ ಹೋಗಲಿ."

ಬಾಗಿಲು ಮೆಲ್ಲಗೆ ಮುಚ್ಚಿತು. ಹಿಮದಲ್ಲಿ ತಟ್ಟೆ ಹಿಡಿದು, ಮೀನು ತಣ್ಣಗಾಗುವವರೆಗೆ ಅಲ್ಲೇ ನಿಂತಿದ್ದೆ.