ಅಕ್ಕನ ಕೇಸು ಹುಡುಕಿದವಳು

ನಮ್ಮ ವಕೀಲರ ಕಚೇರಿಗೆ ಹೊಸದಾಗಿ ಬಂದ ಜೂನಿಯರ್‌ಗೆ ‘ಅಡಿಟಿಪ್ಪಣಿ’ ಎಂದು ಹೆಸರಿಟ್ಟವಳು ನಾನೇ, ಇಲ್ಲಿನ ಟೈಪಿಸ್ಟ್. ಟೀ ಬೇಕಾ ಎಂದರೂ ಎರಡು ವಿವರಣೆ ಕೊಟ್ಟೇ ಹೂಂ ಎನ್ನುವವಳು. ಕೂತಲ್ಲಿ ಕೂರುವವಳೂ ಅಲ್ಲ. ಕಪಾಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಕಿಟಕಿಗೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಟ. ನೋಡಿ ನೋಡಿ ನನಗೇ ತಲೆ ಸುತ್ತುತ್ತಿತ್ತು.

ಈ ಚಡಪಡಿಕೆಗೆ ಕಾರಣ ಅವಳ ಅಕ್ಕ. ಹೋಟೆಲೊಂದರ ರಿಸೆಪ್ಷನ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಮುಖದ ಮೇಲೆ ತೊನ್ನಿನ ಬಿಳಿ ಮಚ್ಚೆ ಹರಡತೊಡಗಿದಾಗ ಮ್ಯಾನೇಜರ್ “ಗಿರಾಕಿಗಳಿಗೆ ಮುಜುಗರ ಆಗುತ್ತೆ” ಎಂದು ಅವಳನ್ನು ಹಿಂಬದಿಯ ಬಟ್ಟೆ ಒಗೆಯುವ ಕೋಣೆಗೆ ಅಟ್ಟಿದ್ದ. ಅಕ್ಕನನ್ನು ಮತ್ತೆ ಆ ಕುರ್ಚಿಯಲ್ಲಿ ಕೂರಿಸಬೇಕು, ತಂಗಿಗೆ ಇದೊಂದೇ ಹಟ. ನಮ್ಮ ಹಿರಿಯ ವಕೀಲೆ ಮೇಡಂ ಒಪ್ಪಿಕೊಂಡರು. “ದೂರು ಬರೆದು ಕೊಟ್ಬಿಡು. ಆಮೇಲೆ ಕಾನೂನು ಹುಡುಕು. ವಾದ ನಾನು ಮಾಡ್ತೀನಿ.”

ಅಡಿಟಿಪ್ಪಣಿ ಮೊದಲು ಹುಡುಕಿದ್ದು ಒಂದೇ ಪದ, ತೊನ್ನು. ಸಿಕ್ಕಿದ್ದು ಬರೀ ವಿಚ್ಛೇದನದ ತೀರ್ಪುಗಳು, ಜೊತೆಗೆ ಯಾವುದೋ ಮುಲಾಮು ಕಂಪನಿಯ ಜಗಳ. “ಕಾನೂನಲ್ಲಿ ನಮ್ಮಕ್ಕನಿಗೆ ಜಾಗವೇ ಇಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಮೇಡಂ ಕನ್ನಡಕ ತೆಗೆದು ಹೇಳಿದರು, “ಕಾಯಿಲೆ ಹುಡುಕೋಕೆ ನೀನೇನು ಡಾಕ್ಟರಾ? ಮಾಲೀಕ ಏನು ಮಾಡ್ದ, ಯಾವ ಕಾರಣ ಕೊಟ್ಟ, ಅದನ್ನ ಹುಡುಕು. ಅದೇ ಕೆಲಸ ಮಾಡೋ ಬೇರೆಯವರನ್ನ ಹೇಗೆ ನಡೆಸ್ಕೊಂಡ ನೋಡು. ಮೊದಲು ಕಾಯ್ದೆ ಓದು, ತೀರ್ಪು ಆಮೇಲೆ.”

ಆ ದಾರಿ ಹಿಡಿದ ಮೇಲೆ ಕಾಗದ ಮೇಜು ತುಂಬಿತು. ಒಂದು ದಿನ ಅವಳು ಕುರ್ಚಿಯಿಂದ ಜಿಗಿದಳು. ಹಳೆಯ ತೀರ್ಪೊಂದು ಸಿಕ್ಕಿತ್ತು. ಮುಖ ಸುಟ್ಟಿದ್ದ ಸಪ್ಲೈಯರ್ ಒಬ್ಬನನ್ನು ಬೇರೊಂದು ಹೋಟೆಲಿನವರು ಅಡುಗೆಮನೆಗೆ ತಳ್ಳಿದ್ದರಂತೆ. ಗಿರಾಕಿಗಳ ಮುಜುಗರ ತಾರತಮ್ಯಕ್ಕೆ ನೆಪವಾಗದು ಎಂದು ಕೋರ್ಟು ಹೇಳಿತ್ತು. ಅಕ್ಕನಿಗೆ ಫೋನು ಮಾಡಿ “ಗೆದ್ದೇಬಿಟ್ವಿ ಕಣೇ” ಎಂದಳು. ನಾನೂ ಕುಣಿದೆ.

ಮೇಡಂ ಮಾತ್ರ ತಣ್ಣಗೆ ಕೇಳಿದರು. “ಈ ತೀರ್ಪು ಇನ್ನೂ ಊರ್ಜಿತದಲ್ಲಿದೆಯಾ?”

ಅವಳು ಅದನ್ನು ನೋಡಿರಲಿಲ್ಲ. ಹೊಸಬರೆಲ್ಲ ಬೀಳುವ ಹಳ್ಳವೇ ಇದು. ನೋಡಿದರೆ, ಮೇಲಿನ ಕೋರ್ಟು ಅದನ್ನು ಎಂದೋ ರದ್ದು ಮಾಡಿತ್ತು. ಅವಳ ಮುಖ ಕಪ್ಪಿಟ್ಟಿತು. ಮೇಡಂ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು, ಒಂದು ಗಂಟೆಯಾದರೂ ಖುಷಿಪಡಲು ಬಿಡಬಾರದೆ!

“ರದ್ದಾಯ್ತು ಸರಿ, ಯಾಕಾಯ್ತು? ಸಾರಾಂಶ ಬಿಟ್ಟು ಪೂರ್ತಿ ಓದು” ಎಂದರು ಅವರು.

ಅವಳು ನಿಂತೇ ಓದಿದಳು. ತಾರತಮ್ಯದ ಬಗ್ಗೆ ಕೆಳಗಿನ ಕೋರ್ಟು ಹೇಳಿದ್ದರಲ್ಲಿ ಒಂದಕ್ಷರವನ್ನೂ ಮೇಲಿನವರು ತಪ್ಪೆಂದಿರಲಿಲ್ಲ. ಆರು ತಿಂಗಳೊಳಗೆ ಕೊಡಬೇಕಿದ್ದ ದೂರನ್ನು ತಡವಾಗಿ ಕೊಟ್ಟ, ಅಷ್ಟಕ್ಕೇ ಆ ಬಡಪಾಯಿ ಸೋತಿದ್ದ. ತಾರತಮ್ಯದ ಮಾತು ಇನ್ನೂ ನಿಂತಿದೆ ಎಂದು ಅಡಿಟಿಪ್ಪಣಿ ನಕ್ಕಳು. ಅರೆಕ್ಷಣಕ್ಕೆ ನಗು ನಿಂತು, ಗೋಡೆಯ ಕ್ಯಾಲೆಂಡರ್ ಕಡೆ ಓಡಿದಳು.

“ದೂರು ಕೊಟ್ಟಿದೀಯಲ್ಲ?” ಮೇಡಂ ದನಿ ಬದಲಾಯಿತು.

“ಒಳ್ಳೇ ತೀರ್ಪು ಸಿಕ್ಕಮೇಲೆ ಅದನ್ನೂ ಸೇರಿಸಿ, ಚೆನ್ನಾಗಿ ಬರೆದು...” ಅವಳು ಕ್ಯಾಲೆಂಡರಿನ ಮೇಲೆ ಬೆರಳಿಟ್ಟಳು. “ಆರು ತಿಂಗಳ ಗಡುವು ಇವತ್ತೇ ಮೇಡಂ.”

ಬೈಯಲು ಪುರುಸೊತ್ತಿರಲಿಲ್ಲ. ಮೇಡಂ ಹೇಳಿದರು, ನಾನು ಟೈಪು ಮಾಡಿದೆ. ಒಂದೇ ಹಾಳೆ; ಏನಾಯಿತು, ಯಾರು ಮಾಡಿದರು, ಏನು ಕೇಳುತ್ತೇವೆ. ಒಂದು ತೀರ್ಪಿನ ಹೆಸರೂ ಇಲ್ಲ. ಆಟೋದಲ್ಲಿ ಹೋಟೆಲಿನ ಹಿಂಬಾಗಿಲಿಗೆ ಹೋಗಿ ಅಕ್ಕನನ್ನು ಒದ್ದೆ ಕೈಯಲ್ಲೇ ಎಳೆದುಕೊಂಡು ಬಂದೆವು. ದಾರಿಯುದ್ದಕ್ಕೂ ತಂಗಿ ಅಳುತ್ತಿದ್ದಳು. ಅಕ್ಕ ಸಹಿ ಹಾಕಿ ಹೊರಗೆ ನೋಡುತ್ತಿದ್ದಳು.

ದೂರು ತೆಗೆದುಕೊಳ್ಳುವ ಕಚೇರಿಯಲ್ಲಿ ಗುಮಾಸ್ತ ಕಿಟಕಿ ಮುಚ್ಚುವುದರಲ್ಲಿದ್ದ. “ಯಾರಮ್ಮ ದೂರು ಕೊಡೋರು? ಕೆಲಸ ಯಾಕೆ ಬದಲಾಯಿಸಿದ್ರು?”

“ಸರ್, ಇದ್ರಲ್ಲಿ ಕಾನೂನಿನ ಪ್ರಶ್ನೆ ಏನಂದ್ರೆ...” ತಂಗಿ ಬಾಯಿ ತೆಗೆದಳು.

ಅಕ್ಕ ಅವಳನ್ನು ಪಕ್ಕಕ್ಕೆ ಸರಿಸಿ, ಕಿಟಕಿಗೆ ಮುಖ ಕೊಟ್ಟು ನಿಂತಳು. “ನಾನು ಸರ್. ಯಾಕೆ ಅಂತ ನೀವೇ ನೋಡಿ.”

ಗುಮಾಸ್ತ ನೋಡಿದ. ಕಣ್ಣು ತಪ್ಪಿಸಲಿಲ್ಲ. ಆಮೇಲೆ ಆ ದಿನದ ತಾರೀಖಿನ ಮುದ್ರೆ ಒತ್ತಿದ.