ಜಗನ್ನಾಥರು ಅತಿಥಿಗಳನ್ನು ಕರೆತಂದ ದಿನಗಳು

ಮಹಂತೇಶನು ಜಗನ್ನಾಥರನ್ನು ಮೊದಲು ಕಂಡದ್ದು 2002ರ ಜನವರಿಯಲ್ಲಿ, ನವದೆಹಲಿ ನಿಲ್ದಾಣದಲ್ಲಿ. ಮಂಜು ಕವಿದು ಕರ್ನಾಟಕ ಎಕ್ಸ್‌ಪ್ರೆಸ್ ತೀರಾ ತಡವಾಗಿತ್ತು. ಗುಮಾಸ್ತೆ ಕೆಲಸಕ್ಕೆ ಸೇರಲು ಇಂಡಿ ಕಡೆಯ ಹಳ್ಳಿಯಿಂದ ಬಂದವನು ರೊಟ್ಟಿಗಂಟು ಹಿಡಿದು ದಿಕ್ಕು ತೋಚದೆ ನಿಂತಿದ್ದ. ಸ್ವೆಟರಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ, ನಲವತ್ತು ದಾಟಿದ ಒಬ್ಬರು ಬಂದು ಅವನ ಟ್ರಂಕನ್ನು ಹೆಗಲಿಗೇರಿಸಿದರು.

“ಕನ್ನಡದವನಲ್ವಾ ತಮ್ಮಾ? ಮುಖದ ಮೇಲೇ ಬರ್ದಿದೆ. ಚಲೋ, ಮನೆಗೆ ಹೋಗೋಣ.”

ಜನಕಪುರಿಯ ಆ ಪುಟ್ಟ ಮನೆಯಲ್ಲಿ ಆಗಲೇ ಗುರುತಿಲ್ಲದ ಮೂವರು ಉಣ್ಣುತ್ತಿದ್ದರು. ಜಗನ್ನಾಥರ ಹೆಂಡತಿ ವಿಜಯಮ್ಮ ಮಾತಾಡದೆ ಇನ್ನೊಂದು ತಟ್ಟೆ ಇಟ್ಟರು. ಬಾಡಿಗೆ ಕೋಣೆ ಸಿಗುವವರೆಗೂ ಮಹಂತೇಶ ಅಲ್ಲೇ ಉಳಿದ. ಆಮೇಲೂ ಮನೆಮಗನಂತೆ ಹೋಗಿಬರುತ್ತಿದ್ದ.

ಬೇಸಿಗೆಯಲ್ಲಿ ಜಗನ್ನಾಥರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಸ್ನಾನವಿಲ್ಲ, ಕಚೇರಿಯಿಲ್ಲ. ಬಡಾವಣೆಯ ವೈದ್ಯರೊಬ್ಬರು ಖಿನ್ನತೆಯೆಂದು ಮಾತ್ರೆ ಕೊಟ್ಟರು. ದೀಪಾವಳಿಯ ಹೊತ್ತಿಗೆ ಎದ್ದು ಕೂತು ಹಾಡತೊಡಗಿದಾಗ ವಿಜಯಮ್ಮ ಗಣಪತಿಗೆ ಕಾಯಿ ಒಡೆಸಿದರು. ಆ ಸಂತೋಷ ಹೆಚ್ಚು ದಿನ ನಿಲ್ಲಲಿಲ್ಲ. ಜಗನ್ನಾಥರು ನಿಲ್ದಾಣದ ಕೂಲಿಯೊಬ್ಬನ ಕೆಂಪಂಗಿ ಕೇಳಿ ತೊಟ್ಟು, ರೈಲಿಳಿದ ತಮ್ಮ ಮೇಲಧಿಕಾರಿಯ ಪೆಟ್ಟಿಗೆಯನ್ನೇ ತಲೆಯ ಮೇಲೆ ಹೊತ್ತು ನಡೆದರು. ಕಚೇರಿಗೆ ಕಚೇರಿಯೇ ನಕ್ಕಿತು. ವಿಜಯಮ್ಮ ನೆರೆಯವರ ಎದುರು ಬಾಗಿಲು ತೆರೆಯುವುದನ್ನೇ ಬಿಟ್ಟರು.

ಕೊನೆಗೆ ಮೂವರೂ ಸರಕಾರಿ ಆಸ್ಪತ್ರೆಗೆ ಹೋದರು. ಅಲ್ಲಿಯ ವೈದ್ಯೆ, ಹಾಸಿಗೆ ಹಿಡಿಯದೇ ಇದ್ದ ದಿನಗಳಲ್ಲಿ ಇವರು ಹೇಗಿರುತ್ತಿದ್ದರೆಂದು ಹಿಂದಿಯಲ್ಲಿ ಕೇಳಿದರು.

“ಬಿಲ್‌ಕುಲ್ ಠೀಕ್,” ಎಂದರು ವಿಜಯಮ್ಮ, ನೆಲ ನೋಡುತ್ತ.

ಮಹಂತೇಶ ವಿಜಯಮ್ಮನವರತ್ತ ನೋಡಿದ. ಬಾಯಿ ಬಿಟ್ಟರೆ ತನ್ನ ಟ್ರಂಕು ಎತ್ತಿದ ಕೈಯನ್ನೇ ರೋಗವೆಂದಂತೆ. ಬಿಡದಿದ್ದರೆ ಮತ್ತೆ ಅವೇ ಮಾತ್ರೆ, ಮತ್ತೆ ಆ ಕೆಂಪಂಗಿ. ತಲೆ ತಗ್ಗಿಸಿ ಹೇಳಿದ: ನಿದ್ದೆಯಿಲ್ಲದ ರಾತ್ರಿಗಳು, ಆದರೂ ಇಲ್ಲದ ಆಯಾಸ, ನಿಲ್ಲದ ಮಾತು, ಯಮುನೆಯ ದಂಡೆಯಲ್ಲಿ ಕನ್ನಡಿಗರಿಗೆ ಛತ್ರ ಕಟ್ಟಿಸುವ ಯೋಜನೆ, ದಿನಾ ಮನೆಗೆ ಬರುತ್ತಿದ್ದ ಅಪರಿಚಿತರು.

ವೈದ್ಯೆ ಮತ್ತೆ ಮತ್ತೆ ಕೆದಕಿ ಕೇಳಿದರು. ಇದು ಬರೀ ಖಿನ್ನತೆಯಲ್ಲ, ಬೈಪೋಲಾರ್. ಈ ಕಾಯಿಲೆಗೆ ಕುಗ್ಗುವುದು, ಅತಿಯಾಗಿ ಉಬ್ಬುವುದು ಎಂದು ಎರಡು ತುದಿ, ನೀವು ಇಷ್ಟು ದಿನ ಒಂದನ್ನೇ ತೋರಿಸಿದಿರಿ, ಆ ಒಂದಕ್ಕೇ ಕೊಟ್ಟ ಮಾತ್ರೆ ಇವರನ್ನು ಇನ್ನೊಂದು ತುದಿಗೆ ನೂಕಿರಬಹುದು ಎಂದು ಬಿಡಿಸಿ ಹೇಳಿ, ಔಷಧಿ ಬದಲಿಸಿದರು.

ಜಗನ್ನಾಥರು ಮಹಂತೇಶನ ಕಡೆ ತಿರುಗಿದರು. “ಹಾಗಾದ್ರೆ ಅವತ್ತು ನಿನ್ನ ಕರ್ಕೊಂಡು ಬಂದಿದ್ದೂ ಕಾಯಿಲೆನೇ ಏನೋ?”



“ಕರ್ಕೊಂಡು ಬಂದಿದ್ದು ಕಾಯಿಲೆ ಇರ್ಬಹುದು,” ಎಂದರು ವಿಜಯಮ್ಮ. “ಅನ್ನ ಬಡಿಸಿದ್ದು ನಾನು ರೀ. ನಂಗೇನೂ ಕಾಯಿಲೆ ಇರ್ಲಿಲ್ಲ.”

ಜಗನ್ನಾಥರು ಮಂಕಿ ಕ್ಯಾಪನ್ನು ಕಣ್ಣಿನವರೆಗೆ ಎಳೆದುಕೊಂಡರು. ಬಸ್ಸಿನಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ವರ್ಷ ಕಳೆದಿವೆ. ಜಗನ್ನಾಥರು ಈಗ ಅದೇ ಕಚೇರಿಯ ಟಪಾಲು ವಿಭಾಗದಲ್ಲಿದ್ದಾರೆ. ರಾತ್ರಿ ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಹೇಳಿದಾಗ ಔಷಧಿಯ ಪ್ರಮಾಣ ನೋಡುವ ರಕ್ತಪರೀಕ್ಷೆಗೆ ಹೋಗುತ್ತಾರೆ. ಯಾರನ್ನಾದರೂ ಊಟಕ್ಕೆ ಕರೆಯುವ ಮೊದಲು ಮನೆಗೆ ಫೋನ್ ಮಾಡಿ ವಿಜಯಮ್ಮನವರನ್ನು ಕೇಳುತ್ತಾರೆ.